ಆಲ್ಫಾ ಕಟ್ಟಿಕೊಟ್ಟವರಿಗೆಲ್ಲ

ಬಾನೆಟ್‌ನ ಚರ್ಮದ ಪಟ್ಟಿಗೆ ಕೊನೆಯ ಬಕಲ್ ಹಾಕಿದ್ದು ಹೋದ ವಾರ. 1931ರ ಆಲ್ಫಾ ರೋಮಿಯೋ 8ಸಿ 2300 ಮೊನ್ಜಾ ಎಂಬ ಇಟಲಿಯ ರೇಸ್ ಕಾರಿನ ಮಾದರಿ, ನಿಜವಾದದ್ದರ ಎಂಟನೇ ಒಂದು ಅಳತೆಯಲ್ಲಿ, ಈಗ ನಮ್ಮ ಹಾಲ್‌ನ ಗಾಜಿನ ಪೆಟ್ಟಿಗೆಯಲ್ಲಿ ಕೂತಿದೆ. ಬಂದವರೆಲ್ಲ "ನೀವೇ ಮಾಡಿದ್ದಾ?" ಎನ್ನುತ್ತಾರೆ. ಹೂಂ ಎಂದರೆ ಅರ್ಧ ಸುಳ್ಳಾಗುತ್ತದೆ. ಆದ್ದರಿಂದ ಯಾರು ಏನು ಮಾಡಿದರು ಎನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ಕೆಲವರಿಗೆ ಅದು ಇಷ್ಟವಿಲ್ಲ, ಉಳಿದವರನ್ನು ನಾನು ಕೇಳಿಲ್ಲ. ಓದಿದಾಗ ತಮ್ಮ ಪಾಲು ಯಾವುದೆಂದು ಅವರಿಗೇ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ಮಲ್ಲೇಶ್ವರದ ಆ ಮನೆಯವರಿಗೆ. ಅವರ ತಂದೆ 1970ರ ದಶಕದಲ್ಲಿ ಕೆಲಸದ ಮೇಲೆ ಇಟಲಿಗೆ ಹೋದಾಗ ಬಿಡಿಭಾಗ ಜೋಡಿಸಿ ಕಟ್ಟುವ ಈ ಕಿಟ್ ತಂದಿದ್ದರಂತೆ. ತಯಾರಿಸಿದ್ದು ಟ್ಯೂರಿನ್ನಿನ ಪೋಕೆರ್ ಕಂಪನಿ. ರೈಲು ಮಾದರಿಗಳಿಂದ ಶುರುವಾಗಿ, ಆಮೇಲೆ ಹಳೆಯ ಕಾರುಗಳ ದೊಡ್ಡ ಮಾದರಿಗಳಿಗೆ ಹೆಸರಾದವರು. ಆ ಹೆಸರು ಆಮೇಲೆ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಪಾಲಾಯಿತು. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಸಂಜೆಗೆ ಮುಗಿಸುವ ಬಾಬತ್ತಲ್ಲ ಇದು. ಹಿತ್ತಾಳೆ ಸ್ಕ್ರೂ, ಲೋಹದ ಭಾಗ, ರಬ್ಬರ್, ತಂತಿ ಎಲ್ಲ ಇರುತ್ತವೆ. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ನಿಜವಾಗಿ ತಿರುಗಬೇಕು. ಆ ಹಿರಿಯರು ಎಂಜಿನ್ ಮತ್ತು ಚಾಸಿಯ ಅರ್ಧ ಮುಗಿಸಿ, ಬಾಡಿಗೆ ಕುಂಚದಲ್ಲಿ ಕೆಂಪು ಬಳಿದು, ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕಿದ್ದರು. ಮನೆ ಖಾಲಿ ಮಾಡುವಾಗ ಮಕ್ಕಳಿಗೆ ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ದುಡ್ಡಿನ ಮಾತೇ ಎತ್ತದೆ "ಮುಗಿದ್ಮೇಲೆ ಒಂದ್ಸಲ ತೋರ್ಸಿ" ಎಂದಷ್ಟೇ ಹೇಳಿ ನನ್ನ ಕೈಗಿಟ್ಟರು.

ಆ ಕೈ ಆಗ ಸರಿಯಾಗಿರಲಿಲ್ಲ. ಸ್ಕೂಟರ್‌ನಿಂದ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದು, ಒಳಗೆ ಪ್ಲೇಟ್ ಕೂರಿಸಿದ್ದರು. ಮೂಳೆ ಕೂಡಿಕೊಂಡಿತು, ಬೆರಳುಗಳು ಮಡಚುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಜೇಡಿಯಂಥ ಉಂಡೆಯೊಂದನ್ನು ಕೊಟ್ಟು ಹಿಸುಕಿ ಎಂದಳು. ಅದು ನನಗೆ ಮಹಾ ಬೇಸರ. ಅದರ ಬದಲು ಈ ಸ್ಕ್ರೂಗಳನ್ನು ಎತ್ತಿ ಬೇರೆ ಮಾಡಲೇ ಎಂದು ಡಬ್ಬಿ ತೋರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಒಂದು ಸ್ಕ್ರೂ ಎತ್ತಿ ನೋಡಿ, "ಚಿಟಿಕೆ ಹಿಡಿತಕ್ಕೆ ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ, ಆದ್ರೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಬೇಡ" ಎಂದಳು. ಗಡಿಯಾರ ಇಟ್ಟುಕೊಂಡು ಮಾಡಿದೆ. ಅಮ್ಮಾ, ನಿನ್ನ ಆ ಮಾತು ಇಲ್ಲದಿದ್ದರೆ ಪೆಟ್ಟಿಗೆ ಇನ್ನೊಂದು ಅಟ್ಟ ಸೇರುತ್ತಿತ್ತು.

ಕಟ್ಟುವುದಕ್ಕೆ ಮುಂಚೆ ಬಿಚ್ಚಬೇಕಿತ್ತು. ಹಳೇ ಟ್ಯೂಬ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುವಂಥದ್ದು, ಎಳೆದರೆ ಕೀಲಿನ ಪಕ್ಕದ ಭಾಗವೇ ಮುರಿಯುತ್ತದೆ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟರೆ ಅಂಟು ಪೆಡಸಾಗಿ ಕೆಲವು ಕಡೆ ಟಪ್ಪೆಂದು ಬಿಡುತ್ತದೆ. ನಮ್ಮ ಮನೆಯಲ್ಲಿ ಬಹುಕಾಲ ಹಸಿ ಬಟಾಣಿಯ ಪಕ್ಕದಲ್ಲಿ ಆಲ್ಫಾದ ಇಂಧನ ಟ್ಯಾಂಕು ಮಲಗಿತ್ತು. ಕ್ರೋಮ್ ಲೇಪದ ಮೇಲೆ ಅಂಟು ಹಿಡಿಯುವುದೇ ಇಲ್ಲ, ಅದನ್ನು ಬ್ಲೀಚ್ ನೀರಿನಲ್ಲಿ ಅದ್ದಿ ತೆಗೆಯಬೇಕು. ಆ ವಾಸನೆಯನ್ನೂ ಹೆಂಡತಿಯೇ ಸಹಿಸಿದಳು. ಅವಳಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಯುತ್ತಾಳೆ, ಆದರೂ ಹೇಳಿದ್ದೇನೆ.

ಎಂಜಿನ್ ವಿಷಯದಲ್ಲಿ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ರಸ್ತೆಯ ಹಿರಿಯರಿಗೆ ನಾನು ಋಣಿ. ಆಲ್ಫಾದ ಎಂಜಿನಿಯರ್ ವಿಟ್ಟೋರಿಯೋ ಯಾನೋ ವಿನ್ಯಾಸ ಮಾಡಿದ ಆ 2336 ಸಿಸಿ ಎಂಜಿನ್‌ನಲ್ಲಿ ಎಂಟು ಸಿಲಿಂಡರ್ ಒಂದೇ ಸಾಲಿನಲ್ಲಿವೆ. ಆದರೆ ನಾಲ್ಕು ನಾಲ್ಕರ ಎರಡು ಬ್ಲಾಕ್, ನಡುವೆ ಜಾಗ. ಕಿಟ್‌ನಲ್ಲಿ ಅದನ್ನು ಕಂಡು ನನಗೆ ಏನೋ ಭಾಗ ಕಳೆದುಹೋಗಿದೆ ಅನ್ನಿಸಿತ್ತು. ಹಿರಿಯರು ಕನ್ನಡಕ ಹಣೆಗೇರಿಸಿ, ಕಣ್ಣಿಗೆ ವಾಚ್ ರಿಪೇರಿಯ ಭೂತಗನ್ನಡಿ ಹಾಕಿಕೊಂಡು ನೋಡಿದರು. ಕಳೆದಿಲ್ಲ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ತಿರುಗಿಸುವ ಗೇರುಗಳ ಜಾಗ ಅದು ಎಂದರು. ಪಿಸ್ಟನ್ನುಗಳು ತಿರುಗಿಸುವ ಅಷ್ಟು ಉದ್ದದ ಕ್ರ್ಯಾಂಕ್‌ಶಾಫ್ಟ್ ಓಡುವಾಗ ತಿರುಚಿಕೊಳ್ಳುತ್ತದೆ, ತುದಿಯಿಂದ ಗೇರು ಓಡಿಸಿದರೆ ಆ ತಿರುಚು ಪೂರ್ತಿ ಕ್ಯಾಮ್‌ಗೆ ಹೋಗುತ್ತದೆ, ನಡುವಿನಿಂದ ತೆಗೆದರೆ ಬಹುಪಾಲು ತಪ್ಪುತ್ತದೆ. ಕಾರು ಓಡಿಸಲು ಬಾರದ ಮನುಷ್ಯ ಅವರು! 1931ರ ಮೇ ತಿಂಗಳಲ್ಲಿ ಮೊನ್ಜಾದಲ್ಲಿ ಹತ್ತು ಗಂಟೆ ನಡೆದ ಇಟಲಿ ಗ್ರ್ಯಾಂಡ್ ಪ್ರಿ ರೇಸನ್ನು ಚಾಲಕರಾದ ಕಂಪಾರಿ ಮತ್ತು ನುವೊಲಾರಿ ಈ ಎಂಜಿನ್‌ನಲ್ಲೇ ಗೆದ್ದರು, ಕಾರಿಗೆ ಆ ಊರಿನ ಹೆಸರು ಬಂದದ್ದು ಹಾಗೆ ಎಂದು ನಾನು ಹೇಳಿದಾಗ "ಹತ್ತು ಗಂಟೆ ತಡ್ಕೊಳ್ತಾ?" ಎಂದು ಕೇಳಿ, ಆ ಸಂಜೆ ಇನ್ನೊಂದು ಕಾಫಿ ಕುಡಿದು ಹೋದರು.

ಇನ್ನು ಚಕ್ರ. ಪೋಕೆರ್ ಕಿಟ್ ಕಟ್ಟಿದ ಯಾರನ್ನು ಕೇಳಿದರೂ ಮೊದಲು ಚಕ್ರದ ಬಗ್ಗೆಯೇ ಅಳುತ್ತಾರೆ. ಒಂದೊಂದು ಕಡ್ಡಿಯನ್ನೂ ಹಬ್‌ನಿಂದ ರಿಮ್‌ಗೆ ಕೈಯಿಂದಲೇ ಪೋಣಿಸಬೇಕು, ಹೊರಸಾಲು ಒಂದು ಕೋನ, ಒಳಸಾಲು ಇನ್ನೊಂದು. ನನ್ನ ಪೆಟ್ಟಿಗೆಯ ಕಡ್ಡಿಗಳಲ್ಲಿ ಬಹುಪಾಲು ತುಕ್ಕು ಹಿಡಿದಿದ್ದವು, ಕೆಲವು ಇರಲೇ ಇಲ್ಲ. ಹಿಂದಿನ ಬೀದಿಯ ವೀಣೆ ಮೇಷ್ಟ್ರು ಒಂದು ತುಕ್ಕು ಕಡ್ಡಿಯನ್ನು ಬೆರಳಲ್ಲಿ ಉಜ್ಜಿ, "ಇದು ನಮ್ಮ ಸಾರಣಿ ತಂತಿ ದಪ್ಪಕ್ಕೇ ಬರುತ್ತೆ ನೋಡಿ, ಉಕ್ಕೇ ಅಲ್ವಾ" ಎಂದರು. ನನ್ನನ್ನು ಬಳೇಪೇಟೆಗೆ ಅವರೇ ಕರೆದೊಯ್ದರು. ವಾದ್ಯದಂಗಡಿಯವರು ಯಾವ ವೀಣೆಗೆ ಎಂದು ಕೇಳಿದಾಗ ಮೇಷ್ಟ್ರು ಗಂಭೀರವಾಗಿ "ಇಟಲಿ ವೀಣೆ" ಎಂದುಬಿಟ್ಟರು.

ತಂತಿ ಸಿಕ್ಕಿತು, ಕಡ್ಡಿಯ ತುದಿಗೆ ಗುಂಡು ತಲೆ ಮಾಡುವುದು ಹೇಗೆ? ವಾದ್ಯದ ಉಕ್ಕು ಗಡಸು, ಸುತ್ತಿಗೆ ಕೊಟ್ಟರೆ ಸೀಳುತ್ತದೆ. ಎಚ್‌ಎಂಟಿ ಹಿರಿಯರು ಸ್ಪಿರಿಟ್ ದೀಪದಲ್ಲಿ ತುದಿಯನ್ನು ಮಾತ್ರ ಕೆಂಪಗೆ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟು, ಮೆತ್ತಗಾದ ಮೇಲೆ ತಟ್ಟಿ ಗುಂಡು ಮಾಡಿ ತೋರಿಸಿದರು. ಪೋಣಿಸುವುದನ್ನು ಕಲಿಸಿದ್ದು ಮಾರ್ಕೆಟ್ ಮೂಲೆಯ ಸೈಕಲ್ ಶಾಪ್‌ನ ಅಣ್ಣ. ಹಲಗೆಗೆ ಮೊಳೆ ಹೊಡೆದು ಹಬ್ ಮತ್ತು ರಿಮ್ ಅಲುಗದಂತೆ ಹಿಡಿಯುವ ಜಿಗ್ ಅನ್ನು ಅವನೇ ಮಾಡಿದ. ಒಂದು ಕಡೆಯ ಕಡ್ಡಿ ಪೂರ್ತಿ ಬಿಗಿ ಮಾಡಿ ಇನ್ನೊಂದು ಕಡೆಗೆ ಹೋಗಬಾರದು, ಎದುರುಬದುರು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಬರಬೇಕು, ಇಲ್ಲದಿದ್ದರೆ ಬೆಂಡ್ ತೆಗೆಯುವುದರಲ್ಲೇ ಆಯಸ್ಸು ಮುಗಿಯುತ್ತದೆ. ಕೊನೆಗೆ ಉಗುರಿನಿಂದ ಮೀಟಿ ನೋಡು, ಎಲ್ಲದರ ಸದ್ದೂ ಒಂದೇ ಥರ ಬಂದರೆ ಚಕ್ರ ನೆಟ್ಟಗಿದೆ ಎಂದ. ವೀಣೆ ಮೇಷ್ಟ್ರಿಗೆ ಈ ಮಾತು ಮುಟ್ಟಿದ್ದೇ ತಡ, ಮೊದಲ ಚಕ್ರವನ್ನು ಕಿವಿಗಿಟ್ಟುಕೊಂಡು ಯಾವ ಕಡ್ಡಿ ಇಳಿದಿದೆ ಎಂದು ಬೆರಳಿಟ್ಟು ತೋರಿಸಿದರು. ಮಿಕ್ಕ ಚಕ್ರಗಳ ಶ್ರುತಿಯೂ ಅವರದೇ.

ಟೈರುಗಳು ಬಿರುಕು ಬಿಟ್ಟು ಪುಡಿಯಾಗಿದ್ದವು. ಸೂಚನಾ ಪುಸ್ತಕದ ಪುಟಗಳನ್ನು ಜಿರಳೆ ತಿಂದಿತ್ತು. ಟ್ಯೂರಿನ್ನಿನ ನಿವೃತ್ತ ಹವ್ಯಾಸಿಯೊಬ್ಬರಿಗೆ ಯಂತ್ರಾನುವಾದದ ಇಟಾಲಿಯನ್‌ನಲ್ಲಿ ಪತ್ರ ಬರೆದೆ. ನನ್ನ ಭಾಷೆಯನ್ನು ಅವರು ಏನೆಂದು ತಿಳಿದರೋ. ತಮ್ಮಲ್ಲಿದ್ದ ಅಪೂರ್ಣ ಕಿಟ್‌ನ ಟೈರುಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದರು, ಪುಟಗಳ ಫೋಟೋ ಕಳಿಸಿದರು, ಅಂಚೆ ವೆಚ್ಚ ಕೂಡ ತೆಗೆದುಕೊಳ್ಳಲಿಲ್ಲ. ನಾನು ಕಳಿಸಿದ ಚಿಕ್ಕಮಗಳೂರಿನ ಕಾಫಿ ಪುಡಿ ಸೇರಿತಂತೆ. ರುಚಿಯ ಬಗ್ಗೆ ಒಂದು ಮಾತೂ ಬರೆದಿಲ್ಲ. ಅವರ ಊರಿನವರಿಗೆ ಚಿಕೋರಿ ಹಿಡಿಸಿರಲಾರದು.

ಬಣ್ಣ ಹೊಡೆದದ್ದು ವಿಲ್ಸನ್ ಗಾರ್ಡನ್ ಕಡೆಯ ಗ್ಯಾರೇಜಿನ ಪೇಂಟರ್. ನಿಜವಾದ ಕಾರುಗಳ ನಡುವೆ ಇದನ್ನು ನೋಡಿ ಅವನ ಹುಡುಗರು ನಕ್ಕರು, ಅವನು ನಗಲಿಲ್ಲ. ಮೊದಲು ಒಂದು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದ. ಥಿನ್ನರ್ ತಾಗಿ ಚಮಚ ಮುದುಡಿತು. ಹಾಗಾಗಿ ಪ್ಲಾಸ್ಟಿಕ್ ಪ್ರೈಮರ್ ಹಾಕಿ, ಪ್ರತಿ ಪದರವನ್ನೂ ತೆಳ್ಳಗೆ ಬೀಸಿ, ಒಣಗಲು ಬಿಟ್ಟು ಮತ್ತೆ ಬೀಸಿದ. ಬಾನೆಟ್ ಮೇಲಿನ ಗಾಳಿಗಂಡಿಗಳ ಅಂಚು ಇನ್ನೂ ಚೂಪಾಗಿರುವುದು ಆ ತಾಳ್ಮೆಯಿಂದ. ಚರ್ಮದ ಪಟ್ಟಿಯನ್ನು ರಂಪಿಗೆಯಿಂದ ಬೆಳಕು ಕಾಣುವಷ್ಟು ತೆಳುವಾಗಿ ಹೆರೆದುಕೊಟ್ಟವರು ಬಸ್ ಸ್ಟಾಪಿನ ಪಕ್ಕದ ಚಪ್ಪಲಿ ರಿಪೇರಿಯವರು. ಹತ್ತು ರೂಪಾಯಿ ಸಾಕು ಎಂದರು. ಜಗಳವಾಡಿ ಜಾಸ್ತಿ ಕೊಟ್ಟು ಬಂದೆ.

ಮಲ್ಲೇಶ್ವರದವರು ಭಾನುವಾರ ಬಂದಿದ್ದರು. ಅವರ ತಂದೆ ಕಟ್ಟಿದ ಗೇರ್‌ಬಾಕ್ಸನ್ನು ನಾನು ಬಿಚ್ಚಿಲ್ಲ, ಅದರ ಕೆಲಸ ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಹೇಳಿದೆ. ಮಗಳು ಸ್ಟೀರಿಂಗ್ ತಿರುಗಿಸಿ ನೋಡಿ, ಇನ್ನೊಮ್ಮೆ ತಿರುಗಿಸಿದರು.

ತಂತಿಯ ಸುರುಳಿಯಲ್ಲಿ ಇನ್ನೆರಡು ಚಕ್ರಕ್ಕಾಗುವಷ್ಟು ಉಳಿದಿದೆ, ಜಿಗ್ ಕೂಡ ಗಟ್ಟಿಯಾಗಿದೆ. ಬೆಂಗಳೂರಿನಲ್ಲಿ ಬೇರೆ ಯಾರ ಅಟ್ಟದಲ್ಲಾದರೂ ಇಂಥದೊಂದು ಪೆಟ್ಟಿಗೆ ಇದ್ದರೆ ಬಂದು ಒಯ್ಯಿರಿ. ಜಿಗ್ ಮಾತ್ರ ವಾಪಸ್ ಬೇಕು, ಸೈಕಲ್ ಶಾಪ್‌ನವನು ಆಗಾಗ ಕೇಳುತ್ತಿರುತ್ತಾನೆ.