ಗದ್ದಲವೆಲ್ಲ ಕೆಡುಕಲ್ಲ

ಮಾನ್ಯ ಸಂಪಾದಕರೇ,

ನರಜಾಲಗಳ (ಒಂದಕ್ಕೊಂದು ಜೋಡಿಸಿಕೊಂಡ ನರಕೋಶಗಳ ಜಾಲಗಳ) ಸ್ಥಿರತೆಯನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಷ್ಟು ಕ್ಲಿಷ್ಟವಾದ ವಿಷಯವನ್ನು ಕನ್ನಡದಲ್ಲಿ ಹೇಳಹೊರಟದ್ದು ಸ್ವಾಗತಾರ್ಹ. ಆದರೆ ಯಾದೃಚ್ಛಿಕ ಗದ್ದಲ (ಗೊತ್ತುಗುರಿಯಿಲ್ಲದ ಏರಿಳಿತ) ಹೆಚ್ಚಿದಷ್ಟೂ ಜಾಲ ಹದಗೆಡುತ್ತದೆ ಎಂಬ ಅದರ ಒಟ್ಟು ಧಾಟಿಯನ್ನು ಒಪ್ಪಲಾಗದು.

ಕಾಗದದ ಮೇಲೆ ಬರೆದು ನೋಡಬಹುದಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತನ್ನಷ್ಟಕ್ಕೆ ಬಿಟ್ಟರೆ 1ರ ದರದಲ್ಲಿ ಘಾತೀಯವಾಗಿ ಬೆಳೆದು ಕೈಮೀರುವ ಒಂದು ವಿಚಲನೆ (ಸಮಸ್ಥಿತಿಯಿಂದ ದೂರ ಸರಿದ ಪ್ರಮಾಣ) ಇದೆಯೆನ್ನಿ. ಆ ವಿಚಲನೆಯ ಗಾತ್ರಕ್ಕೆ ಅನುಪಾತದಲ್ಲಿರುವ ಗದ್ದಲವನ್ನು 2ರ ತೀವ್ರತೆಯಲ್ಲಿ ಅದಕ್ಕೆ ಸೇರಿಸಿದರೆ, ಯಾದೃಚ್ಛಿಕ ಬದಲಾವಣೆಗಳ ಗಣಿತವಾದ ಇಟೊ ಕಲನದ ನಿಯಮದಂತೆ ತೀವ್ರತೆಯ ವರ್ಗದ ಅರ್ಧವನ್ನು, ಅಂದರೆ 2ನ್ನು, ಮೂಲ ದರದಿಂದ ಕಳೆಯಬೇಕಾಗುತ್ತದೆ, ಉಳಿಯುವುದು -1. ಹೀಗಾಗಿ ಹೆಚ್ಚುಕಡಿಮೆ ಪ್ರತಿಯೊಂದು ಪಥವೂ (ಒಂದೊಂದು ಸಲ ವಿಚಲನೆ ಸಾಗುವ ಹಾದಿಯೂ) ಸೊನ್ನೆಗೆ ಇಳಿಯುತ್ತದೆ. ಕೆಡಿಸಬೇಕಿದ್ದ ಗದ್ದಲವೇ ಇಲ್ಲಿ ಕಡಿವಾಣವಾಯಿತು! ಆದರೆ ಇದೇ ವಿಚಲನೆಯ ವರ್ಗದ ಸರಾಸರಿಯನ್ನು ಲೆಕ್ಕ ಹಾಕಿದರೆ ಅದು 6ರ ದರದಲ್ಲಿ ಉಬ್ಬುತ್ತಲೇ ಹೋಗುತ್ತದೆ, ಏಕೆಂದರೆ ತೀರ ಅಪರೂಪಕ್ಕೆ ಬಹಳ ಎತ್ತರಕ್ಕೆ ಚಿಮ್ಮುವ ಕೆಲವೇ ಪಥಗಳು ಸರಾಸರಿಯನ್ನು ತಮ್ಮೊಂದಿಗೆ ಎಳೆದೊಯ್ಯುತ್ತವೆ. ರಷ್ಯದ ಗಣಿತಜ್ಞ ಲಿಯಾಪುನೊವ್ 1892ರಲ್ಲಿ ರೂಪಿಸಿದ ಸ್ಥಿರತೆಯ ಕಲ್ಪನೆ ಗದ್ದಲದ ಲೋಕಕ್ಕೆ ಬಂದೊಡನೆ ಪಥದ ಲೆಕ್ಕ, ಸರಾಸರಿಯ ಲೆಕ್ಕ ಎಂದು ಹೀಗೆ ಕವಲೊಡೆಯುತ್ತದೆ. ಯಾವ ಕವಲೆಂದು ಹೇಳದೆ 'ಸ್ಥಿರ' ಎಂದರೆ ಅರ್ಧ ಮಾತು.

ಲಯ ಕೂಡುವಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಎರಡು ಜಾಲಗಳು ಲಯ ಕೂಡುವುದೆಂದರೆ ಅವುಗಳ ನಡುವಿನ ವ್ಯತ್ಯಾಸ ಸೊನ್ನೆಯಲ್ಲಿ ಸ್ಥಿರವಾಗುವುದು. ಬೇರೆಬೇರೆ ಗದ್ದಲ ಒಂದೊಂದನ್ನೂ ಸತತವಾಗಿ ತಟ್ಟುತ್ತಿದ್ದರೆ ವ್ಯತ್ಯಾಸ ಪೂರ್ತಿ ಅಳಿಯದು, ಹೆಚ್ಚೆಂದರೆ ಒಂದು ಮಿತಿಯೊಳಗೆ ಉಳಿದೀತು. ಒಂದೇ ಗದ್ದಲ ಎರಡನ್ನೂ ತಟ್ಟಿದರೆ ಅದೇ ಅವುಗಳನ್ನು ಹತ್ತಿರ ತರಬಲ್ಲದು. ನರವಿಜ್ಞಾನಿಗಳಾದ ಮೈನೆನ್ ಮತ್ತು ಸೆಜ್ನೋವ್‌ಸ್ಕಿ 1995ರಲ್ಲಿ ಇಲಿಯ ಮಿದುಳಿನ ನರಕೋಶಗಳಲ್ಲಿ ಕಂಡದ್ದು ಇದಕ್ಕೆ ಹತ್ತಿರದ ಸಂಗತಿ: ಏರಿಳಿತವಿಲ್ಲದ ವಿದ್ಯುತ್ತನ್ನು ಮತ್ತೆ ಮತ್ತೆ ಹಾಯಿಸಿದಾಗ ನರಕೋಶದ ವಿದ್ಯುತ್ ಮಿಡಿತಗಳ ಹೊತ್ತು ಪ್ರತಿ ಸಲವೂ ಚದುರಿತು, ಏರಿಳಿಯುವ ಒಂದೇ ಸಂಕೇತವನ್ನು ಪುನರಾವರ್ತಿಸಿದಾಗ ಮಿಡಿತಗಳು ಮಿಲಿಸೆಕೆಂಡಿನ ನಿಖರತೆಯಲ್ಲಿ ಮರಳಿ ಬಂದವು. (ಲಯ ಕೂಡುವುದೆಲ್ಲ ಒಳ್ಳೆಯದೆಂದೂ ಅಲ್ಲ, ಅತಿಯಾಗಿ ಕೂಡಿದ ಮಿಡಿತವೇ ಅಪಸ್ಮಾರದ ಸೆಳವು.)

ಲೇಖಕರು ಈ ವಿಷಯವನ್ನು ಮುಂದುವರಿಸುವುದಾದರೆ, ಜಾಲಗಳನ್ನು ತಟ್ಟುವ ಗದ್ದಲ ಒಂದೆಯೋ ಬೇರೆಬೇರೆಯೋ, ಸ್ಥಿರತೆಯನ್ನು ಪಥದ ಲೆಕ್ಕದಲ್ಲಿ ಹೇಳುತ್ತಿದ್ದಾರೋ ಸರಾಸರಿಯ ಲೆಕ್ಕದಲ್ಲೋ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕೆಂದು ವಿನಂತಿ.

ಇತಿ,
ಗಣಿತದ ಓದುಗ