ಮಗಳಿಗೊಂದು ಪತ್ರ: ಪಿಯಾನೊ ಬರುವ ಮೊದಲು

ಪ್ರೀತಿಯ ಪುಟ್ಟೀ,

ಮೊನ್ನೆ ಮೊಜಾರ್ಟ್‌ನ ಕನ್ಚರ್ಟೊ (ಒಂದು ವಾದ್ಯ ಮತ್ತು ದೊಡ್ಡ ವಾದ್ಯಮೇಳ, ಅಂದರೆ ಆರ್ಕೆಸ್ಟ್ರಾ, ಸೇರಿ ನುಡಿಸುವ ಕೃತಿ) ಕೇಳಿ ಫೋನಿನಲ್ಲಿ ಹೇಳಿದೆಯಲ್ಲ, "ಪಿಯಾನೊ ಬರೋಕೆ ಎಷ್ಟೊತ್ತು ಕಾಯೋದು ಅಪ್ಪಾ, ನಾನು ಮುಂದಕ್ಕೆ ಓಡಿಸಿಬಿಡ್ತೀನಿ" ಅಂತ. ಪಿಯಾನೊ ಬರುವ ಮೊದಲು ಆರ್ಕೆಸ್ಟ್ರಾ ಮಾತ್ರ ನುಡಿಸುವ ಆ ಎರಡು ಚಿಲ್ಲರೆ ನಿಮಿಷದ ಬಗ್ಗೆ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಮೊಜಾರ್ಟ್‌ನ 20ನೇ ಪಿಯಾನೊ ಕನ್ಚರ್ಟೊವನ್ನೇ ಮತ್ತೆ ಹಾಕಿಕೋ, ಡಿ ಮೈನರ್ ಅನ್ನುವ ಸ್ವರಶ್ರೇಣಿಯದು. ಮೊದಲ ಭಾಗದ ಶುರುವಿನಲ್ಲಿ ಗುನುಗುವಂಥ ರಾಗವೇ ಇಲ್ಲ. ವಯಲಿನ್‌ಗಳು ತಾಳದ ಪೆಟ್ಟು ತಪ್ಪಿಸಿ ಒಂದೇ ಸಮನೆ ಮಿಡಿಯುತ್ತವೆ. ಕೆಳಗಿನಿಂದ ಚೆಲ್ಲೊ, ಡಬಲ್ ಬಾಸ್‌ಗಳು ಆಗಾಗ ಗುರ್ ಅನ್ನುತ್ತವೆ. ಎಲ್ಲ ಮೆಲುದನಿಯಲ್ಲೇ. ಆಮೇಲೆ ಇದ್ದಕ್ಕಿದ್ದಂತೆ ಟ್ರಂಪೆಟ್, ಟಿಂಪನಿ ಅನ್ನುವ ನಗಾರಿಯೂ ಸೇರಿ ಇಡೀ ಆರ್ಕೆಸ್ಟ್ರಾ ಸಿಡಿಯುತ್ತದೆ. ಇದೆಲ್ಲ ಅಡಗಿದ ಮೇಲೆ ಪಿಯಾನೊ ಒಂಟಿಯಾಗಿ ಬರುತ್ತದೆ. ಆರ್ಕೆಸ್ಟ್ರಾ ನುಡಿಸಿದ್ದನ್ನು ಅದು ಮುಟ್ಟುವುದೂ ಇಲ್ಲ, ಬೇರೆಯದೇ ಮಾತು ತೆಗೆಯುತ್ತದೆ. ಆ ಭಾಗ ಮುಗಿಯುವವರೆಗೂ ಆರ್ಕೆಸ್ಟ್ರಾ ಆ ರಾಗವನ್ನು ಎತ್ತಿಕೊಳ್ಳುವುದಿಲ್ಲ. ಅದು ಪಿಯಾನೊದ್ದೇ. ಮುಂಚಿನದನ್ನು ಕೇಳದೇ ಇದ್ದರೆ ಇದು ಬೇರೆ ಮಾತು ಅಂತ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಹೀಗೆ ಕಾಯಿಸಲೇಬೇಕು ಅಂತೇನೂ ಮೊಜಾರ್ಟ್‌ಗೆ ಇರಲಿಲ್ಲ. 1777ರಲ್ಲಿ ಬರೆದ 9ನೇ ಕನ್ಚರ್ಟೊ ಕೇಳು. ಎರಡನೇ ಬಾರ್‌ನಲ್ಲೇ (ಬಾರ್ ಅಂದರೆ ನಮ್ಮ ತಾಳದ ಆವರ್ತದಂಥದ್ದು) ಪಿಯಾನೊ ನಡುವೆ ಬಾಯಿ ಹಾಕುತ್ತದೆ! ಇಲ್ಲಿ ಕಾಯಿಸಿದ್ದರೆ ಬೇಕೆಂದೇ ಕಾಯಿಸಿದ್ದಾನೆ.

ಡಿ ಮೈನರ್ ಕನ್ಚರ್ಟೊವನ್ನು ಮೊದಲ ಸಲ ನುಡಿಸಿದ್ದು 1785ರ ಫೆಬ್ರುವರಿ 11ರಂದು, ವಿಯೆನ್ನಾದಲ್ಲಿ. ಬರೆದು ಮುಗಿಸಿದ್ದು ಹಿಂದಿನ ದಿನವಷ್ಟೇ. ಅವತ್ತು ತಾನೇ ವಿಯೆನ್ನಾಕ್ಕೆ ಬಂದಿಳಿದಿದ್ದ ಮೊಜಾರ್ಟ್‌ನ ಅಪ್ಪ ಲಿಯೋಪೋಲ್ಡ್ ಇದನ್ನೆಲ್ಲ ತನ್ನ ಮಗಳು, ಮೊಜಾರ್ಟ್‌ನ ಅಕ್ಕ ನಾನೆರ್ಲ್‌ಗೆ ಬರೆದು ತಿಳಿಸಿದ. "ನಾವು ಬಂದಾಗಲೂ ಪ್ರತಿ ತೆಗೆಯುವವನು ಇನ್ನೂ ಬರೆಯುತ್ತಲೇ ಇದ್ದ, ನಿನ್ನ ತಮ್ಮನಿಗೆ ರೊಂಡೊವನ್ನು (ಕನ್ಚರ್ಟೊದ ಕೊನೆಯ ಭಾಗ) ಒಮ್ಮೆ ನುಡಿಸಿ ನೋಡುವುದಕ್ಕೂ ಪುರುಸೊತ್ತಿರಲಿಲ್ಲ" ಅಂತ. ಮಾರನೇ ದಿನ ಹೆಸರಾಂತ ಸಂಗೀತಕಾರ ಹೈಡನ್ ತನ್ನೆದುರೇ ಮಗನನ್ನು ಹೊಗಳಿದ್ದನ್ನೂ ಅದೇ ಪತ್ರದಲ್ಲಿ ಬರೆದಿದ್ದಾನೆ.

ನನ್ನನ್ನು ಜಾಸ್ತಿ ಕಾಡುವುದು ಆ ಪತ್ರ ಓದಿದ ಮಗಳು. ಚಿಕ್ಕಂದಿನಲ್ಲಿ ತಮ್ಮನ ಜೊತೆ ಯುರೋಪೆಲ್ಲ ಸುತ್ತಿ, ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ) ನುಡಿಸಿ ಹೆಸರು ಮಾಡಿದವಳು ಅವಳು. ಬೆಳೆದ ಮೇಲೆ ಆ ಓಡಾಟ ತಮ್ಮನಿಗೆ ಮಾತ್ರ ಉಳಿಯಿತು. 1784ರಲ್ಲಿ ಐದು ಮಕ್ಕಳಿದ್ದ ವಿಧುರನನ್ನು ಮದುವೆಯಾಗಿ, ಸೇಂಟ್ ಗಿಲ್ಗೆನ್ ಅನ್ನುವ ಸರೋವರದ ದಂಡೆಯ ಸಣ್ಣ ಊರಿಗೆ ಹೋದಳು. ತಮ್ಮನ ಕನ್ಚರ್ಟೊ ಅವಳಿಗೆ ಕಾಗದದ ಸುದ್ದಿಯಾಗಿ ತಲುಪಿತು. ಅವಳ ಕೈಲೂ ಅದನ್ನು ನುಡಿಸುವ ವಿದ್ಯೆ ಇತ್ತು. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನೀನು ಕೆಲಸ, ಮನೆ ಅಂತ ಕೀಬೋರ್ಡಿಗೆ ಬಟ್ಟೆ ಹೊದಿಸಿ ಮೂಲೆಗಿಡಬೇಡ ಕಂದಾ.

ಮೊದಲ ಭಾಗದ ಕೊನೆಯಲ್ಲಿ ಇನ್ನೊಂದು ಜಾಗ ಗಮನಿಸು. ಆರ್ಕೆಸ್ಟ್ರಾ ನಿಂತುಬಿಡುತ್ತದೆ, ಪಿಯಾನೊ ತಾನೊಂದೇ, ಮನಸ್ಸಿಗೆ ಬಂದಂತೆ ಹರಿಯುತ್ತದೆ. ಅದಕ್ಕೆ ಕಡೆನ್ಜಾ ಅನ್ನುತ್ತಾರೆ. ನಮ್ಮ ಕಚೇರಿಯ ತನಿ ಆವರ್ತನದ ಹಾಗೆಯೇ. ಕೊನೆಗೆ ಉದ್ದಕ್ಕೆ ಒಂದು ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ಬಿರುಸಾದ ಕಂಪನ, ಆ ಸುಳಿವು ಹಿಡಿದು ಎಲ್ಲರೂ ಬಂದು ಸೇರುತ್ತಾರೆ. ಈ ಕನ್ಚರ್ಟೊಗೆ ಮೊಜಾರ್ಟ್‌ನ ಕಡೆನ್ಜಾ ಉಳಿದಿಲ್ಲ. ಬೀಥೋವನ್ ಬರೆದದ್ದನ್ನೇ ಬಹಳ ಜನ ನುಡಿಸುತ್ತಾರೆ. ಅದರಲ್ಲಿ ಬೀಥೋವನ್‌ನ ಸಿಟ್ಟೇ ಜಾಸ್ತಿ ಕೇಳಿಸುತ್ತದೆ ನನಗೆ, ಆದರೂ ಇಷ್ಟ.

ಎರಡನೇ ಭಾಗಕ್ಕೆ ಬಂದರೆ ಎಲ್ಲ ತಿರುಗುಮುರುಗು. ಪಿಯಾನೊ ಮೊದಲು, ಎಂಟು ಬಾರ್ ತಾನೊಂದೇ. ಆಮೇಲೆ ಆರ್ಕೆಸ್ಟ್ರಾ ಅದೇ ರಾಗವನ್ನು ಹಾಗ್ಹಾಗೇ ಎತ್ತಿಕೊಳ್ಳುತ್ತದೆ. ಮೊದಲ ಭಾಗದಲ್ಲಿ ಮಾತು ಕೂಡದ ಇಬ್ಬರು ಇಲ್ಲಿ ಒಂದೇ ಮಾತಾಡುತ್ತಾರೆ. ಆ ಎಂಟು ಬಾರ್ ಅಷ್ಟೇನೂ ಕಷ್ಟವಿಲ್ಲ, ನಿನ್ನ ಕೈಗೆ ಸಿಗುತ್ತದೆ. ಕಲಿತುಕೊಂಡು ಯುಗಾದಿಗೆ ಬಂದಾಗ ನುಡಿಸು. ಅಮ್ಮನಿಗೂ ಕೇಳಬೇಕಂತೆ.

ನಿನ್ನ ಅಪ್ಪ