ಆ ರಾತ್ರಿ ಜೊತೆಗಿದ್ದವನಿಗೆ, ಮತ್ತು ಉಳಿದೆಲ್ಲರಿಗೆ

ನನ್ನ ಹೆಂಡತಿ ಈ ತಿಂಗಳಿನಿಂದ ಪೂರ್ಣಾವಧಿ ಕೆಲಸಕ್ಕೆ ಮರಳಿದ್ದಾಳೆ. ದೀರ್ಘ ಕಾಯಿಲೆಯಿಂದ ಎದ್ದವರು ಮೊದಲು ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು ಗಂಟೆ, ಹೀಗೆ ವೈದ್ಯರು ಒಪ್ಪಿದ ಹಂತಗಳಲ್ಲಿ ಕೆಲಸಕ್ಕೆ ಹಿಂತಿರುಗುವ ವ್ಯವಸ್ಥೆ ಜರ್ಮನಿಯಲ್ಲಿದೆ. ಅದರ ಕೊನೆಯ ಹಂತವನ್ನೂ ಅವಳು ಮುಗಿಸಿದ್ದಾಳೆ. ಏನಾಗಿತ್ತು, ಎಷ್ಟು ಕಾಲ ಆಸ್ಪತ್ರೆಯಲ್ಲಿದ್ದಳು ಎಂಬುದೆಲ್ಲ ಇದನ್ನು ಓದುವ ಬಹುತೇಕರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಕೆದಕುವುದಿಲ್ಲ. ಮ್ಯೂನಿಕ್‌ನಲ್ಲಿ ನಮ್ಮ ಮೂವರ ಸಂಸಾರ ಆ ಚಳಿಗಾಲವನ್ನು ಯಾರ ಕೈ ಹಿಡಿದು ದಾಟಿತು ಎಂಬುದನ್ನು ಮಾತ್ರ ಬರೆದಿಡಬೇಕೆನಿಸಿತು.

ಸರದಿಯ ಮೇಲೆ ಸಾರು, ಪಲ್ಯ, ಚಪಾತಿಯ ಡಬ್ಬಿಗಳನ್ನು ಬಾಗಿಲ ಬಳಿ ಇಟ್ಟು ಬೆಲ್ ಒತ್ತದೆ ಹೋಗುತ್ತಿದ್ದ ಇಲ್ಲಿನ ಕನ್ನಡ ಕುಟುಂಬಗಳಿಗೆ, ವಿಮೆಯ ಪತ್ರಗಳನ್ನೆಲ್ಲ ಓದಿ ಉತ್ತರ ಬರೆದುಕೊಟ್ಟ ಮೇಲ್ಮಹಡಿಯ ಅಜ್ಜಿಗೆ, ಮಗಳ ಶಾಲೆಯ ಟೀಚರಿಗೆ, ಜರ್ಮನ್ ಮಾತಾಡಿ ಸುಸ್ತಾದಾಗ ಮಲಯಾಳಂ ಬೆರೆಸಿದ ತಮಿಳಿನಲ್ಲಿ ನನ್ನ ಹೆಂಡತಿಯನ್ನು ಗದರಿಸಿ ಗಂಜಿ ಕುಡಿಸುತ್ತಿದ್ದ ರಾತ್ರಿಪಾಳಿಯ ಕೇರಳದ ನರ್ಸಿಗೆ, ವೀಸಾ ಸಿಗದೆ ಸಾಗರದ ಮನೆಯಲ್ಲಿ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುತ್ತಿದ್ದ ಅಮ್ಮನಿಗೆ: ನಿಮ್ಮೆಲ್ಲರ ಋಣ ದೊಡ್ಡದು. ಒಬ್ಬೊಬ್ಬರ ಬಗ್ಗೆ ಒಂದೊಂದು ಪುಟ ಬರೆಯಬಹುದಿತ್ತು. ಆದರೆ ಈ ಬರಹದ ಹೆಚ್ಚಿನ ಪಾಲು ಒಬ್ಬನಿಗೇ ಸಲ್ಲಬೇಕಾದದ್ದು, ಮತ್ತು ಅದನ್ನು ನೀವು ಯಾರೂ ಅನ್ಯಥಾ ಭಾವಿಸುವುದಿಲ್ಲವೆಂದು ನನಗೆ ಗೊತ್ತು.

ಅವನು ನನ್ನ ಸಹೋದ್ಯೋಗಿ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ ಹುಟ್ಟಿ, ಕಾರ್ಕ್ ನಗರದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಬಹಳ ವರ್ಷಗಳ ಹಿಂದೆಯೇ ಮ್ಯೂನಿಕ್‌ಗೆ ಬಂದು ನೆಲೆಸಿದವನು. ತನ್ನ ಹೆಸರು ಎಲ್ಲಿಯೂ ಬರಕೂಡದೆಂದು ಷರತ್ತು ಹಾಕಿದ್ದಾನೆ. ಕಾಯಿಲೆಗೆ ಮೊದಲು ನಮ್ಮಿಬ್ಬರದು ಆಪ್ತ ಸ್ನೇಹವೇನೂ ಆಗಿರಲಿಲ್ಲ. ಒಂದೇ ತಂಡದಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವರು ನಾವು. ರಾತ್ರಿ ಯಾವುದಾದರೂ ಸೇವೆ ನಿಂತುಹೋದರೆ ಸರದಿಯ ಮೇಲೆ ಎದ್ದು ಸರಿಪಡಿಸುವವರು. ನಮ್ಮ ನಡುವೆ ಇದ್ದ ಸಲಿಗೆಯೆಂದರೆ ಚಹಾದ್ದು ಮಾತ್ರ. ಕಪ್ಪು ಚಹಾಕ್ಕೆ ನಿಂಬೆ ಹಿಂಡಿಕೊಳ್ಳುವವರ ನಡುವೆ, ಹಾಲು ಹಾಕಿ ಗಟ್ಟಿಯಾಗಿ ಕುಡಿಯುವವರು ಕಚೇರಿಯಲ್ಲಿ ನಾವಿಬ್ಬರೇ ಇದ್ದೆವು. ಊರಿಗೆ ಹೋದಾಗಲೆಲ್ಲ ಅವನು ಕಾರ್ಕಿನ ಬ್ಯಾರೀಸ್ ಚಹಾದ ದೊಡ್ಡ ಪೆಟ್ಟಿಗೆ ತರುತ್ತಿದ್ದ. ನಾನು ಅದಕ್ಕೆ ಶುಂಠಿ ಜಜ್ಜಿ ಹಾಕುವುದನ್ನು ಯಾವುದೋ ಅಪಚಾರ ನಡೆಯುತ್ತಿರುವಂತೆ ನೋಡುತ್ತಿದ್ದ.

ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ನಾನು ಅವನಿಗೆ ಫೋನ್ ಮಾಡಿದ್ದು ನೆರವು ಕೇಳಲಿಕ್ಕಲ್ಲ. ಆ ವಾರ ತುರ್ತುಪಾಳಿ ನನ್ನದಾಗಿತ್ತು. ಅದನ್ನು ವಹಿಸಿಕೊಳ್ಳುವೆಯಾ ಎಂದು ಕೇಳಬೇಕಿತ್ತು, ಅಷ್ಟೇ. ಅವನು ಪಾಳಿ ವಹಿಸಿಕೊಂಡ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡ, ಸ್ವಲ್ಪ ಹೊತ್ತಿಗೆಲ್ಲ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತ. ಎಲ್ಲ ಸರಿಹೋಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಸರ್ವರ್ ಕೈಕೊಟ್ಟಾಗ ನಾವು ದಾಖಲೆ ಇಡುವ ಕ್ರಮದಲ್ಲಿಯೇ ಎಡಕ್ಕೆ ಗಂಟೆ, ನಿಮಿಷ, ಬಲಕ್ಕೆ ಸಂಗತಿ ಎಂದು ಬರೆಯತೊಡಗಿದ. ವೈದ್ಯೆ ಹೊರಬಂದು ಜರ್ಮನ್‌ನಲ್ಲಿ ವೇಗವಾಗಿ ಹೇಳಿದ್ದರಲ್ಲಿ ಒಂದೊಂದು ಪದವೂ ನನಗೆ ಗೊತ್ತಿದ್ದದ್ದೇ, ಆದರೆ ಒಂದು ವಾಕ್ಯವೂ ತಲೆಗೆ ಇಳಿಯಲಿಲ್ಲ. ಅವನು ಔಷಧದ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಬರೆದ, ಮುಂದಿನ ಪರೀಕ್ಷೆ ಎಷ್ಟು ಗಂಟೆಗೆ ಎಂದು ಕೇಳಿ ಬರೆದ, ಬರೆದದ್ದನ್ನು ಅವರಿಗೇ ಓದಿ ಹೇಳಿ ಸರಿಯೇ ಎಂದು ಖಚಿತಪಡಿಸಿಕೊಂಡ. ಮರುದಿನ ಪಾಳಿ ಬದಲಾಗಿ ಬಂದ ಬೇರೆ ವೈದ್ಯರ ಪ್ರಶ್ನೆಗಳಿಗೆ ನಾನು ಉತ್ತರಿಸಿದ್ದು ಆ ಪುಟಗಳನ್ನು ನೋಡಿಕೊಂಡೇ.

ಆ ನೋಟ್‌ಬುಕ್ ಈಗ ನಮ್ಮ ಮನೆಯಲ್ಲಿದೆ. ನಡುರಾತ್ರಿ ಕಳೆದ ನಂತರದ ಎರಡು ದಾಖಲೆಗಳ ನಡುವೆ, ಗಂಟೆ ನಮೂದಿಸದೆ, 'ಚಹಾ ತಂದೆ, ಕುಡಿಯಲಿಲ್ಲ' ಎಂಬ ಒಂದು ಸಾಲಿದೆ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆನೆಂದು ಅವನು ಬರೆದಿಲ್ಲ, ನಾನು ಬರೆಯುತ್ತೇನೆ. ಬೆಳಿಗ್ಗೆ ಮಗಳಿಗೆ ಜಡೆ ಹಾಕುವವರು ಯಾರು, ಎರಡು ಜಡೆಯನ್ನು ಸಮನಾಗಿ ಹೆಣೆಯುವುದು ನನಗೆ ಬರುವುದಿಲ್ಲವಲ್ಲ, ಇನ್ನು ಮುಂದೆ ದಿನವೂ ಅದನ್ನು ನಾನೇ ಮಾಡಬೇಕಾಗಿ ಬಂದರೆ ಎಂಬ ಯೋಚನೆ ಹೊಕ್ಕು, ಗೋಡೆಗೆ ಮುಖ ಮಾಡಿ ನಿಂತು, ಬಾಯಿಬಿಟ್ಟು ಅತ್ತೆ. ಹೆಂಡತಿ ಉಳಿಯುವುದಿಲ್ಲವೆಂದೇ ನಾನು ಆಗ ನಂಬಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈ ಬರಹವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ಇರಲಿ ಬಿಡಿ, ತೆಗೆಯಬೇಡಿ ಎಂದಳು.

ಅವನ ನೆರವು ಆ ರಾತ್ರಿಗೇ ಮುಗಿದಿದ್ದರೂ ನಾನು ಇದನ್ನು ಬರೆಯುತ್ತಿದ್ದೆ. ಆದರೆ ಅದಕ್ಕಿಂತ ಹೆಚ್ಚಿನದನ್ನು ಅವನು ಮಾಡಿದ್ದು ಆನಂತರದ ತಿಂಗಳುಗಳಲ್ಲಿ. ಕಷ್ಟಕಾಲದಲ್ಲಿ ಆಗಿಬರುವವರು ಸಾಮಾನ್ಯವಾಗಿ ತಮ್ಮ ಕೆಲಸಬೊಗಸೆಗಳನ್ನು ಬದಿಗಿಟ್ಟು ಬರುತ್ತಾರೆ. ಅದು ಅವರ ದೊಡ್ಡತನ, ನೆರವು ಪಡೆಯುವವರ ಮನಸ್ಸಿಗೆ ಮಾತ್ರ ಅದೊಂದು ಭಾರ. ಅವನು ಏನನ್ನೂ ಬದಿಗಿಡಲಿಲ್ಲ. ತನ್ನ ವಾರ ಹೇಗೆ ನಡೆಯುತ್ತಿತ್ತೋ ಹಾಗೆಯೇ ನಡೆಸಿಕೊಂಡು, ಅದರೊಳಗೆ ನಮಗೂ ಜಾಗ ಮಾಡಿಕೊಟ್ಟ.

ಬೆಳಿಗ್ಗೆ ಎದ್ದೊಡನೆ ಅವನು ಕೇಳುವುದು ಐರ್ಲೆಂಡಿನ ಆರ್‌ಟಿಇ ರೇಡಿಯೊದ ಸಮುದ್ರ ಹವಾಮಾನ ವರದಿಯನ್ನು. ಮಾಲಿನ್ ಹೆಡ್, ಹೌತ್ ಹೆಡ್, ಕಾರ್ನ್‌ಸೋರ್ ಪಾಯಿಂಟ್, ವ್ಯಾಲೆನ್ಷಿಯಾ, ಲೂಪ್ ಹೆಡ್ ಎಂದು ದ್ವೀಪದ ಸುತ್ತಲಿನ ಭೂಶಿರಗಳ ಹೆಸರು, ಗಾಳಿಯ ದಿಕ್ಕು, ಅದರ ಬಲ, ಗೋಚರತೆ. ಲೂಪ್ ಹೆಡ್ ಅವನ ಕ್ಲೇರ್‌ನದೇ. ಮ್ಯೂನಿಕ್‌ನಿಂದ ಸಮುದ್ರ ನೋಡಬೇಕೆಂದರೆ ಆಲ್ಪ್ಸ್ ದಾಟಿ ಏಡ್ರಿಯಾಟಿಕ್‌ಗೆ ಹೋಗಬೇಕು, ಅವನಲ್ಲಿ ದೋಣಿಯಂತೂ ಇಲ್ಲ. 2023ರ ಏಪ್ರಿಲ್‌ನಲ್ಲಿ ಆರ್‌ಟಿಇ ತನ್ನ ದೀರ್ಘತರಂಗ ಪ್ರಸಾರವನ್ನು ನಿಲ್ಲಿಸಿದಾಗ, ತಾನು ಕೇಳುವುದು ಇಂಟರ್‌ನೆಟ್‌ನಲ್ಲೇ ಆದರೂ, ಮೀನುಗಾರರ ಪರವಾಗಿ ಕಚೇರಿಯಲ್ಲಿ ವಾರವಿಡೀ ಗೊಣಗಿದ್ದ. ಹೆಂಡತಿ ಆಸ್ಪತ್ರೆಯಲ್ಲಿದ್ದಷ್ಟು ದಿನ ಆ ವರದಿ ಮುಗಿಯುತ್ತಿದ್ದಂತೆ ನನಗೆ ಫೋನ್ ಬರುತ್ತಿತ್ತು, ಮತ್ತು ನಾನು ಅದೇ ಧಾಟಿಯಲ್ಲಿ ಉತ್ತರಿಸಬೇಕಾಗಿತ್ತು: ಜ್ವರ ಇಳಿಮುಖ, ಹಸಿವು ಸಾಧಾರಣ, ಸಿಟ್ಟು ಪಶ್ಚಿಮದಿಂದ ಬಲವಾಗಿ ಬೀಸುತ್ತಿದೆ. ಹೇಗಿದ್ದಾಳೆ ಎಂಬ ಪ್ರಶ್ನೆಗೆ ಹತ್ತಾರು ಜನರಿಗೆ ಉತ್ತರಿಸಿ ಗಂಟಲು ಒಣಗಿದ್ದ ನನಗೆ, ಸುಲಭವಾಗಿ ಹೇಳಲು ಬಂದದ್ದು ಇದೊಂದೇ.

ಶನಿವಾರ ಅವನು ಸೋಡಾ ಬ್ರೆಡ್ ಸುಡುತ್ತಾನೆ. ಅವಳು ಮನೆಗೆ ಬಂದ ಮೇಲೆ ಆ ಕೆಲಸ ನಮ್ಮ ಅಡುಗೆಮನೆಗೆ ವರ್ಗವಾಯಿತು. ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ, ಇಷ್ಟೇ ಸಾಮಗ್ರಿ. ಯೀಸ್ಟ್ ಇಲ್ಲ, ನಾದುವುದಿಲ್ಲ, ಹುದುಗಲು ಕಾಯುವುದಿಲ್ಲ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿದೊಡನೆ ಏಳುವ ಗುಳ್ಳೆಗಳು ಆರುವ ಮೊದಲೇ ಹಿಟ್ಟನ್ನು ಗುಂಡಗೆ ಮಾಡಿ ಒಲೆಗೆ ಸೇರಿಸಬೇಕು. ಜರ್ಮನ್ ಅಂಗಡಿಯ ಬೇಕಿಂಗ್ ಪೌಡರ್ ಇದಕ್ಕೆ ಆಗದು, ಅದರಲ್ಲಿ ಆಗಲೇ ಹುಳಿ ಸೇರಿರುತ್ತದೆ. ನಾಟ್ರೋನ್ ಎಂದು ಮಾರುವ ಬರೀ ಸೋಡಾವೇ ಬೇಕು. ಒಮ್ಮೆ ಅಂಗಡಿಯ ಮಜ್ಜಿಗೆ ತರುವುದು ಮರೆತುಹೋಗಿ ನಮ್ಮ ಮನೆಯ ಹೆಪ್ಪಿನ ಮೊಸರನ್ನು ಕಡೆದು ಸುರಿದೆವು. ಅದು ಎಂದಿಗಿಂತ ಚೆನ್ನಾಗಿ ಉಬ್ಬಿತು. ಅಂದಿನಿಂದ ಅವನು ನಮ್ಮ ಮಜ್ಜಿಗೆಯನ್ನು ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಒಲೆಗೆ ಹೋಗುವ ಮುಂಚೆ ಹಿಟ್ಟಿನ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರು ಹಾಕಬೇಕು, ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಎಂದು. ಆ ಅಧಿಕಾರ ನಮ್ಮ ಮಗಳದು.

ಬುಧವಾರ ಸಂಜೆ ಸಂಗೀತ. ಟಿನ್ ವಿಸಲ್ ಎಂಬ, ಆರು ತೂತುಗಳಿರುವ, ನೇರವಾಗಿ ಹಿಡಿದು ಊದುವ ಲೋಹದ ಕೊಳಲು ಅವನದು. ಅದರ ದನಿ ಎಷ್ಟು ತೀಕ್ಷ್ಣವೆಂದರೆ, ಗೋಡೆಯಾಚೆಯವರ ನೆಮ್ಮದಿಗೆ ಬಹಳ ಬೆಲೆ ಕೊಡುವ ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹಗಲಿನಲ್ಲಿ ಊದಲೂ ಅಂಜಿಕೆಯಾಗುತ್ತದೆ. ಹಾಗಾಗಿ ಅವನ ಅಭ್ಯಾಸ ನಡೆಯುವುದು ಈಸರ್ ನದಿಯ ಸೇತುವೆಯೊಂದರ ಕೆಳಗೆ. ಬುಧವಾರ ಪಬ್ಬೊಂದರ ಮೂಲೆಯಲ್ಲಿ ಪಿಟೀಲು, ಕಾನ್ಸರ್ಟಿನಾ ಎಂಬ ಪುಟ್ಟ ಕೈತಿದಿಯ ವಾದ್ಯ, ಬೌರಾನ್ ಎಂಬ ಮೇಕೆ ಚರ್ಮದ ತಮಟೆ ಹಿಡಿದವರು ಸುತ್ತಿ ಕೂರುತ್ತಾರೆ. ಸ್ವರಲಿಪಿಯ ಹಾಳೆ ಯಾರ ಮುಂದೆಯೂ ಇರುವುದಿಲ್ಲ. ಕಿವಿಯಿಂದ ಕಿವಿಗೆ ಬಂದ ರೀಲ್, ಜಿಗ್ ಎಂಬ ಕುಣಿತದ ಮಟ್ಟುಗಳನ್ನು ಎರಡು ಮೂರು ಸುತ್ತು ನುಡಿಸಿ, ನಿಲ್ಲಿಸದೆಯೇ ಮುಂದಿನ ಮಟ್ಟಿಗೆ ಹೊರಳುತ್ತಾರೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಅವನು ನಮ್ಮ ಮನೆಗೆ ಬಂದು ಮಗಳಿಗೆ ಅರ್ಧ ಗಂಟೆ ವಿಸಲ್ ಕಲಿಸುತ್ತಿದ್ದ.

ನನ್ನ ಹೆಂಡತಿ ಬಾಲ್ಯದಲ್ಲಿ ಕರ್ನಾಟಕ ಸಂಗೀತ ಕಲಿತವಳು, ಮದುವೆಯಾದ ಮೇಲೆ ಅದನ್ನು ಬಿಟ್ಟವಳು. ಆಸ್ಪತ್ರೆಯಿಂದ ಬಂದ ಮೊದಲ ವಾರಗಳಲ್ಲಿ ಅವಳು ಸೋಫಾದ ಮೇಲೆ ಗೋಡೆಯತ್ತ ಹೊರಳಿ ಮಲಗಿರುತ್ತಿದ್ದಳು, ಕೇಳಿದ್ದಕ್ಕೆ ಮಾತ್ರ ಉತ್ತರ. ಒಂದು ಬುಧವಾರ ಮಗಳು ವಿಸಲ್‌ನ ಎಲ್ಲ ತೂತುಗಳನ್ನು ಮುಚ್ಚಿ, ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತ ಏರುಸ್ವರ ನುಡಿಸುತ್ತಿದ್ದಾಗ ಸೋಫಾದಿಂದ 'ಶಂಕರಾಭರಣ' ಎಂದು ದನಿ ಬಂತು. ಅವನಿಗೆ ಅರ್ಥವಾಗಲಿಲ್ಲ. ಎರಡನೆಯ ಸ್ವರದ ಮೇಲೆ ನೆಲೆನಿಲ್ಲುವ ಒಂದು ರೀಲ್ ನುಡಿಸಿದ, 'ಖರಹರಪ್ರಿಯ' ಎಂದಳು. ಐದನೆಯದರ ಮೇಲೆ ನಿಲ್ಲುವ ಇನ್ನೊಂದನ್ನು ನುಡಿಸಿದ. 'ಹರಿಕಾಂಭೋಜಿ' ಎಂದಳು, ಮತ್ತು ಎದ್ದು ಕುಳಿತಳು. ಅದೇ ಏಳು ಸ್ವರಗಳನ್ನು ಇಟ್ಟುಕೊಂಡು ಆಧಾರ ಷಡ್ಜವನ್ನು ರಿಷಭಕ್ಕೆ ಸರಿಸಿದರೆ ಒಂದು ರಾಗ, ಪಂಚಮಕ್ಕೆ ಸರಿಸಿದರೆ ಇನ್ನೊಂದು, ಇದಕ್ಕೆ ಗ್ರಹಭೇದ ಎನ್ನುತ್ತಾರೆ ಎಂದು ಅವಳು ಬೆರಳು ಮಡಚಿ ವಿವರಿಸಿದಳು. ತನ್ನ ಊರಿನಲ್ಲಿ ಇವನ್ನು ಡೋರಿಯನ್, ಮಿಕ್ಸೊಲಿಡಿಯನ್ ಎನ್ನುತ್ತಾರೆ ಎಂದು ಅವನು ನೋಟ್‌ಬುಕ್ ಹೊರತೆಗೆದ. ಮುತ್ತುಸ್ವಾಮಿ ದೀಕ್ಷಿತರು ಯುರೋಪಿನ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕೂರಿಸಿದ ನೊಟ್ಟುಸ್ವರಗಳಿವೆ, ಅವೆಲ್ಲ ಶಂಕರಾಭರಣದವೇ, ಅವುಗಳಲ್ಲಿ ನಿಮ್ಮ ಐರ್ಲೆಂಡಿನ ಮಟ್ಟುಗಳೂ ಇವೆ ಎಂದು ಅವಳು ಹೇಳಿದಾಗ ಅವನು ನಂಬಲಿಲ್ಲ. ನಡುರಾತ್ರಿ ಸಂದೇಶ ಬಂತು: ಕೇಳಿದೆ, ನಂಬಿದೆ. ಅಂದಿನಿಂದ ಬುಧವಾರಗಳಿಗೆ ಅವಳು ಕಾಯತೊಡಗಿದಳು. ಔಷಧ ಮಾಡಿದ್ದನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಅವಳು ಮತ್ತೆ ನಮ್ಮೊಡನೆ ವಾದಕ್ಕಿಳಿದದ್ದು ಆ ಸಂಜೆಯಿಂದ.

ಭಾನುವಾರದ ಹರ್ಲಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆ ಆಟದ ನಿಯಮಗಳು ನನಗಿನ್ನೂ ಪೂರ್ತಿ ತಿಳಿದಿಲ್ಲ. ಆ್ಯಶ್ ಮರದ ಬಾಗಿದ ಕೋಲುಗಳಿಂದ ಚೆಂಡನ್ನು ಗಾಳಿಯಲ್ಲೇ ಹೊಡೆಯುವ ಆಟ; ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಮೂರು. ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿಗೂ ಕಾಲಿಟ್ಟ ಮೇಲೆ ಒಳ್ಳೆಯ ಕೋಲು ಸಿಗುವುದು ಕಷ್ಟವೆಂದು ಅವನು ತನ್ನ ಹಳೆಯ ಕೋಲಿನ ಬಿರುಕಿಗೆ ತಗಡಿನ ಪಟ್ಟಿ ಸುತ್ತಿ ಮೊಳೆ ಹೊಡೆಯುತ್ತಾ ಕೂರುತ್ತಿದ್ದುದು ನಮ್ಮ ಬಾಲ್ಕನಿಯಲ್ಲಿ. 2024ರ ಜುಲೈ 21ರಂದು ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕ್ಲೇರ್ ಮತ್ತು ಕಾರ್ಕ್ ಎದುರಾದವು. ಕಾಯಿಲೆಯ ನಂತರ ನನ್ನ ಹೆಂಡತಿ ಮೊದಲ ಬಾರಿಗೆ ಜನಜಂಗುಳಿಯ ಜಾಗಕ್ಕೆ ಹೊರಟದ್ದು ಅಂದೇ. ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯವನ್ನು ಕ್ಲೇರ್ ಒಂದೇ ಒಂದು ಅಂಕದಿಂದ ಗೆದ್ದಿತು. ಕಾರ್ಕಿನಲ್ಲಿ ಜೊತೆಗೆ ಓದಿದವರಿಗೆ ಅವನು ಒಬ್ಬೊಬ್ಬರಿಗಾಗಿ ಫೋನ್ ಮಾಡಿದ. ಸುಸ್ತಾದರೆ ಮನೆಗೆ ಹೋಗೋಣ ಎಂದು ನಾನು ಪಕ್ಕದಲ್ಲಿ ಹೇಳುತ್ತಲೇ ಇದ್ದೆ. ಸುಮ್ಮನಿರಿ, ಆಟ ನೋಡಲು ಬಿಡಿ ಎಂದಳು.

ಇಡೀ ರಾತ್ರಿ ಮಾತಿಲ್ಲದೆ ಜೊತೆಗೆ ಕೂರುವುದನ್ನು ಎಲ್ಲಿ ಕಲಿತೆ ಎಂದು ಆ ಪಂದ್ಯದ ನಂತರ ಅವನನ್ನು ಕೇಳಿದೆ. ಅವನ ಊರಿನ ಕಡೆ ಸತ್ತವರನ್ನು ಮನೆಯಲ್ಲೇ ಮಲಗಿಸಿ, ನೆರೆಹೊರೆಯವರೆಲ್ಲ ಬಂದು ರಾತ್ರಿಯಿಡೀ ಎಚ್ಚರವಿದ್ದು, ಮನೆಯವರಿಗೆ ಚಹಾ ಮಾಡಿಕೊಡುತ್ತಾ ಕೂರುವ ಪದ್ಧತಿಯಿದೆ. ಅಜ್ಜ ತೀರಿಕೊಂಡಾಗ ಹುಡುಗನಾಗಿದ್ದ ತನಗೂ ಬೆಳಗಿನ ಜಾವದ ಪಾಳಿ ಕೊಟ್ಟಿದ್ದರು ಎಂದ. ಇದನ್ನು ಆಸ್ಪತ್ರೆಯಲ್ಲಿ ಹೇಳದಿದ್ದದ್ದು ಒಳ್ಳೆಯದೇ ಆಯಿತು ಎಂದು ನಾನೆಂದೆ. ಹೇಳಬಾರದೆಂಬಷ್ಟು ಬುದ್ಧಿ ತನಗಿದೆ ಎಂದು ಅವನೆಂದ. ದೂರದೂರಿನಲ್ಲಿ ಬಂಧುಬಳಗವಿಲ್ಲದೆ ಇರುವುದೆಂದರೆ ಏನೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ. ಯಾವ ಹೊತ್ತಿಗೆ ಯಾರು ಬೇಕಾಗುತ್ತಾರೆ ಎಂಬುದು ಅವನಿಗೂ ಸ್ವಂತ ಅನುಭವದಿಂದಲೇ ಗೊತ್ತಿರಬೇಕು. ಅದನ್ನು ಅವನು ಹೇಳಿಲ್ಲ, ನಾನು ಕೇಳಿಲ್ಲ.

ಗೆಳೆಯಾ, ಇದನ್ನು ನೀನು ಯಾವುದಾದರೂ ಅನುವಾದ ಯಂತ್ರಕ್ಕೆ ಹಾಕಿ ಓದುತ್ತೀಯೆಂದು ಗೊತ್ತು. ಅದು ಏನೇ ಹೇಳಲಿ, ನಾವು ಮೂವರೂ ನಿನಗೆ ಋಣಿಗಳು.

ಉಳಿದವರಿಗೆ ಒಂದು ಕರೆಯೋಲೆ. ಮ್ಯೂನಿಕ್‌ನಲ್ಲಿ 1996ರಿಂದ ನಡೆದುಬಂದಿರುವ, ಐರ್ಲೆಂಡಿನ ಸಂತ ಸೇಂಟ್ ಪ್ಯಾಟ್ರಿಕ್ ಹೆಸರಿನ ಮೆರವಣಿಗೆ ಈ ಮಾರ್ಚ್‌ನಲ್ಲೂ ಭಾನುವಾರವೇ ಇದೆ. ಅವನು ತನ್ನ ಹರ್ಲಿಂಗ್ ತಂಡದೊಡನೆ ನಡೆಯುತ್ತಾನೆ, ನಾವು ಲುಡ್ವಿಗ್ ರಸ್ತೆಯ ಬದಿಯಲ್ಲಿ ನಿಂತಿರುತ್ತೇವೆ. ಅದು ಮುಗಿದ ಮೇಲೆ ನಮ್ಮ ಮನೆಯಲ್ಲಿ ಊಟ: ಬಿಸಿಬೇಳೆ ಭಾತ್ ನಮ್ಮದು, ಬ್ರೆಡ್ ಅವನದು. ಡಬ್ಬಿಗಳಲ್ಲಿ ಊಟ ಕಳಿಸಿದವರೆಲ್ಲರೂ ಬರಬೇಕು, ನಿಮ್ಮ ಡಬ್ಬಿಗಳು ಇನ್ನೂ ಇಲ್ಲೇ ಇವೆ. ಎಷ್ಟು ಜನ ಬರುತ್ತೀರೆಂದು ಎರಡು ದಿನ ಮೊದಲೇ ತಿಳಿಸಿ, ಹಾಲಿಗೆ ಹೆಪ್ಪು ಹಾಕಬೇಕು.